ದಿಬ್ಬ ಹತ್ತದ ಬ್ರೆಡ್ ವ್ಯಾನು

"ಇನ್ನೂ ಜೋರಾಗಿ ತಳ್ಳು, ಗುಬ್ಬಿ!" ಸ್ಟೀರಿಂಗ್ ಹಿಡಿದಿದ್ದ ಅಪ್ಪ ಕೂಗಿದ.

ಗುಬ್ಬಿ ಹಲ್ಲು ಕಚ್ಚಿ ತಳ್ಳಿದಳು. ಅಪ್ಪನ ಬ್ರೆಡ್ ವ್ಯಾನು ದಿಬ್ಬದ ಅರ್ಧಕ್ಕೆ ಬಂದು, ಗೊರಗೊರ ಕೆಮ್ಮಿ, ನಿಂತೇಬಿಟ್ಟಿತು. ಗುಜರಿ ಅಂಗಡಿ ದಿಬ್ಬದ ಮೇಲೆಯೇ ಇತ್ತು. ಅಷ್ಟು ದೂರ ಹೋಗುವುದೂ ಅದರ ಕೈಲಾಗಲಿಲ್ಲ.

ಅಪ್ಪ ದಿನಾ ನಸುಕಿನಲ್ಲಿ ಅಂಗಡಿ ಅಂಗಡಿಗೆ ಬ್ರೆಡ್ ಹಾಕುತ್ತಿದ್ದದ್ದು ಇದರಲ್ಲೇ. ಈಚೆಗೆ ಸ್ಟಾರ್ಟ್ ಏನೋ ಆಗುತ್ತಿತ್ತು, ಆಕ್ಸಿಲರೇಟರ್ ಎಷ್ಟು ತುಳಿದರೂ ಎಳೆಯುತ್ತಿರಲಿಲ್ಲ. ಮೆಕ್ಯಾನಿಕ್ ಪ್ಲಗ್ ಬದಲಿಸಿದ, ಫಿಲ್ಟರ್ ಬದಲಿಸಿದ, ಕೊನೆಗೆ "ಇಂಜಿನ್ನೇ ಹೋಗಿದೆ" ಎಂದು ಕೈಚೆಲ್ಲಿದ. ಬೇಕರಿಯವರು ಬೇರೆ ವ್ಯಾನ್ ನೋಡಿಕೊಂಡರು. ಬೆಳಿಗ್ಗೆ ಅಪ್ಪ ವ್ಯಾನನ್ನು ಗುಜರಿಯವನಿಗೆ ಮಾರಿ, ಸಹಿ ಹಾಕಿಕೊಟ್ಟು ಹಣ ತೆಗೆದುಕೊಂಡಿದ್ದ. ನಾಳೆಯಿಂದ ಏನು ಕೆಲಸ ಮಾಡುವುದೆಂದು ಅವನಿಗೇ ಗೊತ್ತಿರಲಿಲ್ಲ.

ಗುಜರಿಯವನು ಹಗ್ಗ ಹಿಡಿದು ಇಳಿದು ಬಂದ. "ಎಳ್ಕೊಂಡು ಹೋಗೋಣ. ಸೈಲೆನ್ಸರ್ ಜೋತಾಡ್ತಿದೆ, ನೆಲಕ್ಕೆ ಉಜ್ಜುತ್ತೆ" ಎಂದು ಅದನ್ನು ಬಿಚ್ಚಿದ. ಆಮೇಲೆ ಅದರ ಬಾಯಿಯೊಳಗೆ ಇಣುಕಿ, ಹುಬ್ಬು ಗಂಟಿಕ್ಕಿ, ಸ್ಕ್ರೂಡ್ರೈವರ್ ಹಾಕಿ ಮೀಟಿದ. ಕಪ್ಪಗಿನ ಉಂಡೆಯೊಂದು ಈಚೆ ಬಂತು. ಪಾತ್ರೆ ಉಜ್ಜುವ ಸ್ಟೀಲ್ ನಾರು! ಮಸಿ ಹಿಡಿದು ಕಲ್ಲಾಗಿತ್ತು.

"ಇದನ್ನ ಯಾರಯ್ಯಾ ತುರುಕಿದ್ದು?"

"ನಾನೇ" ಎಂದ ಅಪ್ಪ. "ಪಾಪು ಹುಟ್ಟಿದಾಗ. ವ್ಯಾನ್ ಸದ್ದಿಗೆ ಬೆಚ್ಚಿಬಿದ್ದು ಅಳ್ತಿತ್ತು. ಏನಾದ್ರೂ ಮಾಡಿ ಸದ್ದು ಕಮ್ಮಿ ಮಾಡ್ರೀ ಅಂತ ಇವಳಮ್ಮ..."

"ಮೂಗು ಬಾಯಿ ಎರಡೂ ಮುಚ್ಚಿದ್ರೆ ನೀನು ದಿಬ್ಬ ಹತ್ತೀಯಾ? ಹೊಗೆ ಆಚೆ ಹೋಗಬೇಕಲ್ಲಪ್ಪಾ!"

ಗುಜರಿಯವನು ಒಳಗೆ ಕೂತು ಕೀ ತಿರುಗಿಸಿದ. ವ್ಯಾನು ಗುಡುಗಿತು. ಸೈಲೆನ್ಸರ್ ಇಲ್ಲದೆ ಬೀದಿಯೆಲ್ಲ ಅದುರುವಂತೆ ಅಬ್ಬರಿಸುತ್ತ ಸರಸರ ದಿಬ್ಬ ಏರಿ, ಅವನ ಗೇಟಿನೊಳಗೆ ಹೋಗಿ ನಿಂತಿತು.

ಗುಬ್ಬಿ ಹಿಂದೆಯೇ ಓಡಿದಳು. "ಅಂಕಲ್, ವಾಪಸ್ ಕೊಡಿ! ನಿಮ್ಮ ದುಡ್ಡು ಅಪ್ಪನ ಜೇಬಲ್ಲೇ ಇದೆ!"

"ಓಡೋ ವ್ಯಾನನ್ನ ಯಾರಮ್ಮಾ ವಾಪಸ್ ಕೊಡ್ತಾರೆ? ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ." ಅವನು ಗುಬ್ಬಿಯ ಮುಖ ನೋಡದೆ ಗೇಟು ಎಳೆದುಕೊಂಡ.

ಅಪ್ಪ ಮೇಲಕ್ಕೆ ಬರಲೇ ಇಲ್ಲ. ದಿಬ್ಬದ ಮಧ್ಯೆ ನಿಂತಲ್ಲೇ ನಿಂತಿದ್ದ. ಗುಬ್ಬಿಗೆ ಅಳು ಉಕ್ಕಿ ಬಂತು. ಮನೆಯ ದಾರಿಯುದ್ದಕ್ಕೂ ಬಿಕ್ಕುತ್ತಲೇ ನಡೆದಳು. ಅಪ್ಪ ಅವಳ ಕೈ ಹಿಡಿದುಕೊಂಡು ಜೊತೆಯಲ್ಲಿ ನಡೆದ.

ಬಾಗಿಲಲ್ಲಿ ಅಮ್ಮ ಪಾಪುವನ್ನು ಹೆಗಲಿಗೆ ಹಾಕಿಕೊಂಡು ತಟ್ಟುತ್ತಿದ್ದಳು. "ಶ್! ಈಗ ತಾನೇ ಮಲಗ್ತು. ಹೋಯ್ತಾ ವ್ಯಾನು? ನಿಜವಾಗ್ಲೂ ಇಂಜಿನ್‌ದೇ ತೊಂದ್ರೆನಾ? ಬೇರೆ ಏನೂ ಅಲ್ವಂತಾ?"

ಅಪ್ಪ ಬಾಯಿ ತೆರೆದ.

ಗುಬ್ಬಿ ಅಮ್ಮನ ಮುಖ ನೋಡಿದಳು. ಕಣ್ಣು ಒರೆಸಿಕೊಂಡಳು.

"ಇಂಜಿನ್ನೇ ಅಂತಮ್ಮಾ" ಎಂದಳು ಮೆಲ್ಲಗೆ. "ಪೂರ್ತಿ ಹೋಗಿತ್ತಂತೆ. ಹಗ್ಗ ಕಟ್ಟಿ ಎಳ್ಕೊಂಡು ಹೋದ್ರು."