ಜೋಳದ ಕಾಳು, ಅರ್ಧ ಸ್ಟೂಲು

ಬಸವರಾಜೇಶ್ವರಿಯ ಬಲಗೈ ಮುರಿದದ್ದು ಬುಧವಾರ ಬೆಳಿಗ್ಗೆ ಹತ್ತೂವರೆಗೆ, ಚಂದ್ರಾ ಲೇಔಟಿನ ಪಾರ್ಕ್ ಪಕ್ಕದ ರಸ್ತೆಯಲ್ಲಿ, ಕೈಯಲ್ಲಿ ತರಕಾರಿ ಚೀಲ ಹಿಡಿದ ಮರ್ಯಾದಸ್ಥರ ಕಣ್ಣೆದುರಿಗೆ. ಮನೆಮನೆಗೆ ಹೋಗಿ ಹಳೆ ಸೀರೆ ಪಡೆದು, ತುಂಡು ಜೋಡಿಸಿ ಕೌದಿ ಹೊಲಿದುಕೊಡುವುದು ಆಕೆಯ ಕಸುಬು. ಹೆಗಲ ಮೇಲಿನ ಗಂಟು ನೋಡಿ ಯಾರೋ ‘ಮಕ್ಕಳ ಕಳ್ಳಿ’ ಅಂದರು. ಎಂಟು ಹತ್ತು ಜನ ಮೈಮೇಲೆ ಬಿದ್ದರು. ಗಂಟು ಬಿಚ್ಚಿದರೆ ಒಳಗೆ ಸೀರೆಗಳಿದ್ದವು. ಹೊಡೆದವರು ಯಾರೆಂದು ಪೊಲೀಸರು ಕೇಳಿದಾಗ ಇಡೀ ರಸ್ತೆಗೆ ಮರೆವು ಬಂದಿತ್ತು.

ಅಂಜಿನಯ್ಯನಿಗೆ ಮೈಯೆಲ್ಲ ಉರಿಯುತ್ತಿತ್ತು. ಮೂವತ್ತೆರಡು ವರ್ಷ ಸಿಟಿ ಬಸ್ಸು ಓಡಿಸಿದವನು ಅವನು. ಕುಡಿದವರನ್ನು, ಕಾಲೇಜು ಹುಡುಗರ ಜಗಳವನ್ನು, ಮುಷ್ಕರದ ಕಲ್ಲುಗಳನ್ನು ನೋಡಿದ್ದ. ಒಂಟಿ ಹೆಂಗಸನ್ನು ಹತ್ತು ಜನ ಕೂಡಿ ಹೊಡೆದು, ಮಧ್ಯಾಹ್ನ ಮನೆಗೆ ಹೋಗಿ ಮೊಸರನ್ನ ತಿಂದದ್ದನ್ನು ಮಾತ್ರ ನೋಡಿರಲಿಲ್ಲ. ಆ ಸಿಟ್ಟಿನಲ್ಲಿ ಒಂದು ಪಾಲು ಅವನ ಮೇಲೆಯೇ ಇತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಗುರುವಾರ ಬಸವರಾಜೇಶ್ವರಿಯನ್ನು ಕರೆದುಕೊಂಡು ಅವನು ತನ್ನ ಮಹಡಿ ಮನೆಯಲ್ಲಿದ್ದ ಜಯದೇವಿಯವರ ಬಳಿಗೆ ಹೋದ. ನಾಗರಬಾವಿಯ ಕಾಲೇಜೊಂದರಲ್ಲಿ ಗ್ರಂಥಪಾಲಕಿಯಾಗಿ ನಿವೃತ್ತರಾದವರು ಅವರು. ಯಾರದೋ ಕಳೆದುಹೋದ ಅಂಕಪಟ್ಟಿ, ಯಾವುದೋ ಸುಳ್ಳು ಬಾಡಿಗೆ ಜಾಹೀರಾತು, ಎಲ್ಲಕ್ಕೂ ಲೇಔಟಿನ ಜನ ಅವರ ಬಾಗಿಲಿಗೇ ಬರುತ್ತಿದ್ದರು. ಬೆನ್ನ ಹಿಂದೆ ‘ಪತ್ತೇದಾರಿ ಆಂಟಿ’ ಅನ್ನುತ್ತಿದ್ದರು. ಅಂಜಿನಯ್ಯ ಅವರ ಜೊತೆಗಾರ, ಅರ್ಜಿ ಹಿಡಿದು ಓಡಾಡುವವನು.

ಬಸವರಾಜೇಶ್ವರಿ ಮೊಣಕೈವರೆಗಿನ ಪ್ಲಾಸ್ಟರನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಅವಳು ಅಳಲಿಲ್ಲ. “ಭಾನುವಾರ ಮೀಟಿಂಗ್ ಐತಂತ್ರೀ ಅಕ್ಕಾರ. ನಮ್ಮಂಥಾರು ಈ ಓಣ್ಯಾಗ ಕಾಲಿಡಬಾರ್ದು ಅಂತ ಬರ್ದು ಸಹಿ ಹಾಕ್ತಾರಂತ. ಕೈ ಕೂಡ್ತೈತಿ. ಕಳ್ಳಿ ಅನ್ನೂದು ಹೋಗೂದಿಲ್ರೀ,” ಅಂದಳು.

ಜಯದೇವಿಯವರು ಆಕೆಯಿಂದ ಎಲ್ಲವನ್ನೂ ನಿಧಾನವಾಗಿ ಕೇಳಿ ತಿಳಿದುಕೊಂಡರು. ಅಂದು ಗಂಟಿನಲ್ಲಿ ಹೊಲಿದು ಮುಗಿಸಿದ ಒಂದು ಕೌದಿಯೂ ಇತ್ತು. ಅದನ್ನು ಹರಿದಾಗ ಮೂಲೆಯಿಂದ ನಾಲ್ಕು ಜೋಳದ ಕಾಳು ಉದುರಿದವು. ಪಾರ್ಕ್ ಎದುರು ಮನೆಯ ಮಂಜುನಾಥ್ ಅದನ್ನು ಮಕ್ಕಳಿಗೆ ಮಂಪರು ಬರಿಸುವ ಬೀಜವೆಂದು ಕೂಗಿದ್ದೇ ತಡ, ಏಟು ಜೋರಾಯಿತು. ಕಾಳು ಯಾಕೆ ಎಂದು ಕೇಳಿದಾಗ ಆಕೆ, ಅದು ತನ್ನ ಅವ್ವ ಕಲಿಸಿದ ಪದ್ಧತಿ, ಖಾಲಿ ಹೊಟ್ಟೆಯ ಕೌದಿ ಮನೆ ಬಿಟ್ಟು ಹೋಗಬಾರದು, ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲ ಎಂದಳು. ತಮ್ಮ ಮನೆಯವರು ಬಿಟ್ಟರೆ ಹಾಗೆ ಮಾಡುವವರನ್ನು ಅವಳು ಬೇರೆಲ್ಲೂ ಕಂಡಿರಲಿಲ್ಲ.

ಇಷ್ಟಕ್ಕೆಲ್ಲ ಮೂಲ, ಸೋಮವಾರ ಲೇಔಟಿನ ವಾಟ್ಸಾಪ್ ಗುಂಪಿಗೆ ಬಂದ ಒಂದು ಚಿತ್ರ. ಪತ್ರಿಕೆಯ ತುಣುಕಿನಂತೆ ಮಾಡಿದ್ದರು. ಮಧ್ಯದಲ್ಲಿ ಬಸವರಾಜೇಶ್ವರಿ ಮಡಿಲ ತುಂಬ ಕೌದಿ ಹರಡಿಕೊಂಡು ನಗುತ್ತಿದ್ದಳು. ಎಡ ಅಂಚಿನಲ್ಲಿ ನೀಲಿ ಪ್ಲಾಸ್ಟಿಕ್ ಸ್ಟೂಲೊಂದು ಅರ್ಧ ಕಾಣುತ್ತಿತ್ತು. ಕೆಳಗೆ, ‘ಸೀರೆ ಕೇಳುವ ನೆಪದಲ್ಲಿ ಬಂದು ಮಕ್ಕಳನ್ನು ಗಂಟಿನಲ್ಲಿ ಹೊತ್ತೊಯ್ಯುವ ಮಹಿಳೆ ಮತ್ತೆ ಪ್ರತ್ಯಕ್ಷ’ ಎಂದಿತ್ತು. ಗುಂಪಿಗೆ ಮೊದಲು ಹಾಕಿದವರು ಲೇಔಟಿನ ನಿವಾಸಿಗಳ ಸಂಘದ ಕಾರ್ಯದರ್ಶಿ ಪಂಚಾಕ್ಷರಿ.

ಫೋಟೋ ಎಲ್ಲಿಯದೆಂದು ಬಸವರಾಜೇಶ್ವರಿಗೆ ನೆನಪಿತ್ತು. ಕೆಂಗೇರಿಯ ಒಂದು ಶೆಡ್ಡಿನಲ್ಲಿ ಐವರು ಹೆಂಗಸರು ಯಾವುದೋ ಅಂಗಡಿಗೆ ಕೌದಿ ಹೊಲಿಯುತ್ತಿದ್ದರು. ಮಾಲೀಕನನ್ನು ನೋಡಿದವರಿಲ್ಲ, ಮೇಲ್ವಿಚಾರಕಿಯೇ ಎಲ್ಲ. ಒಂದು ದಿನ ಆಕೆ ಮೊಬೈಲಿನಲ್ಲಿ ಫೋಟೋ ತೆಗೆದು ಮಾಲೀಕರಿಗೆ ಕಳಿಸಿದ್ದಳು. ಹೊರಗೆ ಸ್ವಂತವಾಗಿ ಹೊಲಿಯಬಾರದೆಂದು ಗದರಿಸಿದ ಮೇಲೆ, ಹತ್ತು ತಿಂಗಳ ಹಿಂದೆ ಐವರೂ ಕೆಲಸ ಬಿಟ್ಟಿದ್ದರು. ಶೆಡ್ಡು ಈಗ ಖಾಲಿ.

“ಇನ್ನೇನ್ ಮೇಡಂ, ಪಂಚಾಕ್ಷರಿನೇ. ಹೋಗಿ ಕೊರಳಪಟ್ಟಿ ಹಿಡೀತೀನಿ,” ಎಂದು ಅಂಜಿನಯ್ಯ ಎದ್ದ.

“ಯಾರೋ ಹೇಳಿದ್ದು ನಂಬಿ ಹಿಡಿಯೋದೇ ಬುಧವಾರ ಆಗಿದ್ದು. ಕೂತ್ಕೊಳಿ,” ಅಂದರು ಜಯದೇವಿಯವರು. ಅವರ ದನಿಯೂ ತಣ್ಣಗಿರಲಿಲ್ಲ.

ಅಂಜಿನಯ್ಯ ತಾನೂ ರಾತ್ರಿಯಿಡೀ ಹುಡುಕಿದ್ದ. ‘ಮಕ್ಕಳ ಕಳ್ಳಿ ಚಂದ್ರಾ ಲೇಔಟ್’ ಎಂದು ಬರೆದು ಒತ್ತಿದರೆ ಕಸದ ರಾಶಿ ಬಿದ್ದಿತ್ತು. ಈಗ ಪಕ್ಕದಲ್ಲಿ ಕೂತು ನೋಡಿದ. ಅವರು ಮೊದಲು ಚಿತ್ರದ ಕೆಳಗಿನ ವಾಕ್ಯವನ್ನು ಒಂದಕ್ಷರ ಬಿಡದೆ ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿದರು. ನಾಲ್ಕು ವರ್ಷ ಹಿಂದಿನ ಒಂದು ಪುಟ ಬಂತು. ಸುಳ್ಳು ಸುದ್ದಿ ಪರೀಕ್ಷಿಸುವವರ ಪುಟ. ಅದೇ ವಾಕ್ಯ, ಬೇರೆ ಊರು, ಬೇರೆ ಹೆಂಗಸು. ಆಗಲೂ ಅದು ಸುಳ್ಳೇ ಆಗಿತ್ತು. ಆಮೇಲೆ ಚಿತ್ರದಿಂದ ಚಿತ್ರ ಹುಡುಕುವ ಸಾಧನಕ್ಕೆ ಇಡೀ ತುಣುಕನ್ನು ಕೊಟ್ಟರು. ಏನೂ ಬರಲಿಲ್ಲ. ಮುಖವನ್ನಷ್ಟೇ ಕತ್ತರಿಸಿ ಕೊಟ್ಟಾಗ ಯಾವ್ಯಾವುದೋ ನಾಡಿನ ಹೆಂಗಸರು ಬಂದರು. ಜಯದೇವಿಯವರು ಕನ್ನಡಕ ತೆಗೆದು ಒರೆಸಿ, ಮುಖ ಬಿಟ್ಟು ಮಡಿಲಿನ ಕೌದಿಯನ್ನು ಮಾತ್ರ ಕತ್ತರಿಸಿದರು. ಒಂದು ಸಾಧನ ಇಲ್ಲವೆಂದಿತು. ಅವರು ಇನ್ನೊಂದನ್ನು ತೆರೆದರು. ಅಷ್ಟರಲ್ಲಿ ಅಂಜಿನಯ್ಯನ ಹೆಂಡತಿ ಊಟಕ್ಕೆ ಕರೆದಳು. ತಿರುಗಿ ಬಂದಾಗ ಅವರು ಕಂಪ್ಯೂಟರ್ ಮುಚ್ಚಿ, ಸೀರೆ ಬದಲಿಸಿ, ಮಾರೇನಹಳ್ಳಿಗೆ ಹೊರಡಲು ನಿಂತಿದ್ದರು.

ಮಾರೇನಹಳ್ಳಿಯಲ್ಲಿ ಸಂಘದ ಉಪಾಧ್ಯಕ್ಷ ಕಾಂತರಾಜುವಿನ ಪರದೆ, ಹೊದಿಕೆಗಳ ಅಂಗಡಿಯಿತ್ತು. ಭಾನುವಾರದ ಠರಾವು ಬರೆದವನು ಅವನೇ. ಅದರ ಪ್ರತಿ ಬೇಕೆಂದು ಜಯದೇವಿಯವರು ಹೋದದ್ದು. ಒಳ್ಳೆಯ ಮನುಷ್ಯ ಎಂದೇ ಅಂಜಿನಯ್ಯನಿಗೆ ಅನಿಸುತ್ತಿತ್ತು. ಆಸ್ಪತ್ರೆ ಖರ್ಚು ತಾನೇ ಕೊಡುತ್ತೇನೆಂದು ಗುಂಪಿನಲ್ಲಿ ಬರೆದದ್ದು ಅವನೊಬ್ಬನೇ. ಕಾಫಿ ತರಿಸಿದ. ಪಾಪದ ಹೆಂಗಸು, ಆದರೆ ಅಪರಿಚಿತರನ್ನು ಬಿಟ್ಟುಕೊಂಡರೆ ಹೀಗೇ ಆಗುವುದು ಎಂದು ಲೊಚಗುಟ್ಟಿದ. ಜಯದೇವಿಯವರು ಗೋಡೆಯ ಮೇಲಿನ ಕೌದಿಗಳನ್ನು ಮೆಚ್ಚಿಕೊಂಡರು.

“ಎಲ್ಲಾ ರಾಜಸ್ಥಾನದ್ದು ಮೇಡಂ, ಅಲ್ಲಿಂದಾನೇ ತರಿಸೋದು. ಇಲ್ಲಿಯವರ ಕೈಲಿ ನಾನು ಯಾವತ್ತೂ ಹೊಲಿಸಿಲ್ಲ,” ಅಂದ ಕಾಂತರಾಜು.

ಕಾಫಿ ಆರುವವರೆಗೆ ಅಂಜಿನಯ್ಯ ಪಕ್ಕದಲ್ಲಿ ಮಡಿಸಿಟ್ಟಿದ್ದ ಕೌದಿಯೊಂದರ ಮೂಲೆಯನ್ನು ಸುಮ್ಮನೆ ಹೊಸಕುತ್ತಿದ್ದ. ಒಳಗೆ ಏನೋ ಗಟ್ಟಿಯಾಗಿ, ಸಣ್ಣಗೆ, ಕೈಗೆ ಸಿಕ್ಕಿತು. ಒಂದಲ್ಲ, ನಾಲ್ಕು. ಆಟೋದಲ್ಲಿ ಅದನ್ನು ಹೇಳಿದಾಗ ಜಯದೇವಿಯವರು, ಅದೇ ಕೌದಿಯನ್ನು ಕೊಂಡು ತರುವಂತೆ ಅವನನ್ನೇ ವಾಪಸ್ ಕಳಿಸಿದರು.

ಭಾನುವಾರ ಹನ್ನೊಂದಕ್ಕೆ ಸಂಘದ ಕೊಠಡಿ ತುಂಬಿತ್ತು. ಜಯದೇವಿಯವರು ಕೇಳಿಕೊಂಡಿದ್ದರಿಂದ ಸಬ್ ಇನ್‌ಸ್ಪೆಕ್ಟರ್ ರೇವಣಸಿದ್ದ ಹಿಂದಿನ ಸಾಲಿನಲ್ಲಿ ಕೂತಿದ್ದರು. ಬಸವರಾಜೇಶ್ವರಿ ಬಾಗಿಲ ಬಳಿ ನಿಂತಿದ್ದಳು. ಅವಳಿಗೆ ಕುರ್ಚಿ ಕೊಡಲು ಒಬ್ಬರೂ ಏಳಲಿಲ್ಲ. ಅಂಜಿನಯ್ಯ ತನ್ನ ಕುರ್ಚಿಯನ್ನು ಸದ್ದು ಮಾಡುತ್ತ ಎಳೆದುಕೊಂಡು ಹೋಗಿ ಅವಳ ಹಿಂದೆ ಇಟ್ಟ.

ಠರಾವು ಓದುವ ಮೊದಲು ಹತ್ತು ನಿಮಿಷ ಬೇಕೆಂದು ಜಯದೇವಿಯವರು ಎದ್ದರು. ಗೋಡೆಯ ಟೀವಿಗೆ ಕಂಪ್ಯೂಟರ್ ಜೋಡಿಸಿ, ಮೊದಲು ನಾಲ್ಕು ವರ್ಷ ಹಿಂದಿನ ಪುಟವನ್ನು ತೋರಿಸಿದರು. ಕೊಠಡಿಯಲ್ಲಿ ಗುಜುಗುಜು ಎದ್ದಿತು. ಒಂದು ಸಾಲನ್ನು ಹುಡುಕಲು ಅರ್ಧ ನಿಮಿಷ ಸಾಕು, ಇನ್ನೂರು ಮನೆಯಲ್ಲಿ ಯಾರಿಗೂ ಆ ಅರ್ಧ ನಿಮಿಷ ಇರಲಿಲ್ಲ ಎಂದರು.

“ಸುದ್ದಿ ಸುಳ್ಳು. ಫೋಟೋ ಮಾತ್ರ ನಿಜ. ಅಂದ್ರೆ ಹಳೇ ಸುಳ್ಳಿಗೆ ಯಾರೋ ಈ ಹೆಂಗಸಿನ ಮುಖ ಹುಡುಕಿ ಅಂಟಿಸಿದಾರೆ. ಯಾರು?”

ಮುಖ ಹುಡುಕಿದರೆ ಸಿಗಲಿಲ್ಲ, ಯಾಕೆಂದರೆ ಅಂತರ್ಜಾಲದಲ್ಲಿ ಬಡ ಹೆಂಗಸಿನ ಮುಖವನ್ನು ಯಾರೂ ಮಾರಾಟಕ್ಕೆ ಇಟ್ಟಿರುವುದಿಲ್ಲ. ಅವಳ ಕೈಕೆಲಸವನ್ನು ಇಟ್ಟಿರುತ್ತಾರೆ. ಕೌದಿಯನ್ನಷ್ಟೇ ಕೊಟ್ಟಾಗ, ಎರಡನೆಯ ಸಾಧನ ಒಂದು ಮಾರಾಟದ ಪುಟವನ್ನು ತೋರಿಸಿತ್ತು. ಇದೇ ಫೋಟೋ, ಮುಖ ಕತ್ತರಿಸಿ ಕೌದಿ ಮಾತ್ರ ಉಳಿಸಿದ್ದು. ಮಾರುವವರ ಹೆಸರಿನ ಜಾಗದಲ್ಲಿ ಕಾಂತರಾಜುವಿನ ಅಂಗಡಿಯ ಹೆಸರಿತ್ತು.

ಕಾಂತರಾಜು ನಕ್ಕ. ಅಂಥ ಕೌದಿ ಸಾವಿರ ಇರುತ್ತವೆ ಎಂದ. ಜಯದೇವಿಯವರು ಮಾತು ಬೆಳೆಸದೆ ಅಂಜಿನಯ್ಯ ಕೊಂಡು ತಂದಿದ್ದ ಕೌದಿಯನ್ನು ಮೇಜಿನ ಮೇಲೆ ಹರಡಿ, ಕತ್ತರಿಯಿಂದ ಮೂಲೆ ಬಿಚ್ಚಿದರು. ನಾಲ್ಕು ಜೋಳದ ಕಾಳು ಮೇಜಿನ ಮೇಲೆ ಉರುಳಿದವು.

“ಮಂಜುನಾಥ್, ನೀವು ಮಂಪರಿನ ಬೀಜ ಅಂದಿದ್ದು ಇದೇ ಅಲ್ವಾ? ರಾಜಸ್ಥಾನದಿಂದ ಬಂದಿದೆ ನೋಡಿ,” ಅಂದರು. ಮಂಜುನಾಥ್ ತಲೆ ತಗ್ಗಿಸಿದ.

ಆಮೇಲೆ ಅವರು ಮೂರನೆಯ ಸಾಧನವನ್ನು ತೆರೆದರು. ಅಳಿಸಿದ ಪುಟಗಳ ಹಳೆಯ ಪ್ರತಿಗಳನ್ನು ತಾರೀಖಿನ ಸಮೇತ ಕಾದಿಡುವ ಜಾಲತಾಣವದು. ಕಾಂತರಾಜುವಿನ ಅಂಗಡಿಯ ವಿಳಾಸವನ್ನು ಅಲ್ಲಿ ಕೊಟ್ಟರೆ, ಈಗಿಲ್ಲದ ಒಂದು ಪುಟ ತೆರೆದುಕೊಂಡಿತು. ‘ನಮ್ಮ ಕೌದಿ ಕುಶಲಕರ್ಮಿಗಳು’ ಎಂಬ ತಲೆಬರಹದ ಕೆಳಗೆ ಬಸವರಾಜೇಶ್ವರಿ ನಗುತ್ತಿದ್ದಳು. ಹತ್ತು ತಿಂಗಳ ಹಿಂದೆ, ಐವರೂ ಕೆಲಸ ಬಿಟ್ಟ ತಿಂಗಳಲ್ಲೇ ಆ ಪುಟ ಮಾಯವಾಗಿತ್ತು.

ಕಾಂತರಾಜುವಿನ ಬಣ್ಣ ಇಳಿಯಿತು, ದನಿ ಇಳಿಯಲಿಲ್ಲ. “ವೆಬ್‌ಸೈಟಲ್ಲಿತ್ತು ಅಂದ್ಮೇಲೆ ಯಾರ್ ಬೇಕಾದ್ರೂ ತಗೊಂಡಿರಬಹುದು. ಪಂಚಾಕ್ಷರಿನೇ ತಗೊಂಡಿರಬಹುದು.”

“ಅದಕ್ಕೇ ಎರಡೂ ಫೋಟೋ ಪಕ್ಕಪಕ್ಕ ಇಡ್ತೀನಿ. ಅಂಜಿನಯ್ಯನವರೇ, ವ್ಯತ್ಯಾಸ ಏನು ಹೇಳಿ.”

ಅಂಜಿನಯ್ಯ ನೋಡಿದ. ಮೂವತ್ತೆರಡು ವರ್ಷ ಕನ್ನಡಿಯಲ್ಲಿ ಅಂಚನ್ನೇ ನೋಡಿ ಬಸ್ಸು ಓಡಿಸಿದ ಕಣ್ಣು. “ಸ್ಟೂಲು,” ಅಂದ. “ವಾಟ್ಸಾಪ್ ಫೋಟೋದಲ್ಲಿ ನೀಲಿ ಸ್ಟೂಲು ಅರ್ಧ ಇದೆ. ವೆಬ್‌ಸೈಟಿನದ್ರಲ್ಲಿ ಇಲ್ಲ.”

ಅಂಗಡಿಯ ಪುಟಕ್ಕೆ ಹಾಕುವಾಗ ಎಡ ಅಂಚನ್ನು ಕತ್ತರಿಸಿದ್ದರು. ಅಲ್ಲಿಂದ ಕದ್ದವನಿಗೆ ಸ್ಟೂಲು ಸಿಗುವುದು ಸಾಧ್ಯವಿಲ್ಲ. ಸ್ಟೂಲು ಇರುವುದು ಮೂಲ ಫೋಟೋದಲ್ಲಿ ಮಾತ್ರ. ಮೇಲ್ವಿಚಾರಕಿಯ ಹೆಸರು ಬಸವರಾಜೇಶ್ವರಿಯಿಂದ ಸಿಕ್ಕಿತ್ತು. ರೇವಣಸಿದ್ದ ಶನಿವಾರವೇ ಆಕೆಯನ್ನು ಕಂಡು, ಆ ಫೋಟೋ ಒಬ್ಬನೇ ಒಬ್ಬನಿಗೆ ಹೋದದ್ದನ್ನು ಬರೆಸಿಕೊಂಡು ಬಂದಿದ್ದರು. ಅವರು ಎದ್ದು ಬಂದು ಕಾಂತರಾಜುವಿನ ಮೊಬೈಲಿಗಾಗಿ ಕೈ ಚಾಚಿದರು.

“ಹೆದರಿಸೋಣ ಅಂತ ಮಾಡಿ ಪಂಚಾಕ್ಷರಿಗೆ ಕಳಿಸಿದ್ದು, ಅಷ್ಟೇ,” ಅಂದ ಕಾಂತರಾಜು. “ಐದೂ ಜನ ಹೋಗಿ ಮನೆಮನೆಗೆ ಹೊಲಿಯೋಕೆ ಶುರು ಮಾಡಿದ್ರು. ನಮ್ಮ ಲೇಔಟಿನವರೇ ನನ್ನಂಗಡಿಗೆ ಬರೋದು ಬಿಟ್ರು. ಕೈ ಮುರೀರಿ ಅಂತ ನಾನು ಯಾರಿಗೂ ಹೇಳಿಲ್ಲ.”

ಅವನನ್ನು ಕರೆದೊಯ್ದ ಮೇಲೆ ಜನ ಒಮ್ಮೆಗೇ ಹಗುರಾದರು. ಎಂಥ ನೀಚ, ನಮಗೆ ಮೊದಲೇ ಅನುಮಾನವಿತ್ತು ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಕಾಫಿಯ ಕಡೆ ನೋಡಿದರು. ಜಯದೇವಿಯವರು ಮೇಜು ಕುಟ್ಟಿದರು.

“ಕಾಂತರಾಜು ಕಳಿಸಿದ್ದು ಒಬ್ಬರಿಗೆ. ಇನ್ನೂರು ಮನೆಗೆ ಮುಟ್ಟಿಸಿದವರು ಯಾರು? ಯಾರ್ಯಾರು ಮುಂದಕ್ಕೆ ಕಳಿಸಿದ್ರಿ, ಎದ್ದು ನಿಂತ್ಕೊಳಿ.”

ಅಂಜಿನಯ್ಯನ ಕಿವಿ ಬಿಸಿಯಾಯಿತು. ಸೋಮವಾರ ಸಂಜೆ ಚಹಾ ಕುಡಿಯುತ್ತ, ಎರಡು ಬೆರಳಲ್ಲಿ, ಗುಂಪಿನಲ್ಲಿಲ್ಲದ ಮಂಜುನಾಥನ ಮೊಬೈಲಿಗೆ ಆ ಚಿತ್ರವನ್ನು ಕಳಿಸಿದ್ದು ಅವನೇ. ಮಂಜುನಾಥನಿಗೆ ಸಣ್ಣ ಮಗುವಿದೆ, ಹುಷಾರಾಗಿರಲಿ ಎಂದು. ಅವನು ನಾಲ್ಕು ಹೆಜ್ಜೆ ಮುಂದೆ ಬಂದು ನಿಂತ. ಅವನೊಬ್ಬನೇ.

“ನಾನೇ ಕಣಮ್ಮಾ. ನಾನೂ ಕಳಿಸ್ದೆ,” ಅಂದ, ಬಸವರಾಜೇಶ್ವರಿಯತ್ತ ತಿರುಗಿ.

ಅವಳು ಕುರ್ಚಿಯಿಂದ ಎದ್ದಳು. ಕ್ಷಮಿಸಿದೆ ಎನ್ನಲಿಲ್ಲ. “ನನ್ನ ಕೈ ಕೂಡೂತನ ಗಂಟು ಹೊರೂದು ಆಗಂಗಿಲ್ಲ. ನೀವ್ ಹೊರ್ರಿ ಅಣ್ಣಾರ,” ಅಂದಳು.

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಅಂಜಿನಯ್ಯ ಹೆಗಲಿಗೆ ಗಂಟು ಏರಿಸಿ ಪಾರ್ಕ್ ಪಕ್ಕದ ರಸ್ತೆಗೆ ಬಂದ. ಬಸವರಾಜೇಶ್ವರಿ ಮುಂದೆ ನಡೆಯುತ್ತಿದ್ದಳು. ಮೊದಲ ಮನೆ ಮಂಜುನಾಥನದು. “ಹಳೆ ಸೀರೆ ಇದ್ರೆ ಕೊಡಿ, ಕೌದಿ ಹೊಲಿದುಕೊಡ್ತಾರೆ,” ಎಂದು ಅವನು ತುಂಬಿದ ಬಸ್ಸಿನ ಹಿಂಬದಿಗೂ ಕೇಳುವ ದನಿಯಲ್ಲಿ ಕೂಗಿದ. ಒಳಗೆ ಪರದೆ ಸರಿದು ಮತ್ತೆ ಮುಚ್ಚಿತು. ಅವನು ಇನ್ನೊಮ್ಮೆ ಕೂಗಿದ. ಅಕ್ಕಪಕ್ಕದವರು ಹೊರಗೆ ಬಂದು ನಿಂತರು. ಅವನು ಗಂಟು ಇಳಿಸಲಿಲ್ಲ. ಗೇಟು ತೆರೆಯುವವರೆಗೂ ಕೂಗುವುದನ್ನು ನಿಲ್ಲಿಸಲೂ ಇಲ್ಲ.