ನಾಲಿಗೆಯಡಿಯ ಎಣ್ಣೆ

ತಟ್ಟೆಯಲ್ಲಿ ತುತ್ತು ಕಲಸಿದ್ದ ಧರಣೇಂದ್ರ ಎದ್ದು ಮತ್ತೆ ಅಂಗಳಕ್ಕೆ ನಡೆದ. ಎಡಗಾಲಿನಲ್ಲಿ ಅದೇ ಉರಿ... ಗಡಿಯಲ್ಲಿ ನೆಲಬಾಂಬು ಸಿಡಿದಾಗಿನ ಗಾಯ ಎಂದೋ ಮಾಯ್ದಿತ್ತು. ನರದೊಳಗಿನ ಬೆಂಕಿ ಮಾತ್ರ ಸೈನ್ಯ ಬಿಟ್ಟು ತೇರದಾಳಕ್ಕೆ ಬಂದರೂ ಆರಿರಲಿಲ್ಲ. ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು.

ಅವನಂಥ ಮಾಜಿ ಸೈನಿಕರ ಮೇಲೆ ಬೆಳಗಾವಿಯ ವೈದ್ಯರೊಬ್ಬರು ಗಾಂಜಾದಿಂದ ತೆಗೆದ ಔಷಧಿಯನ್ನು ಪರೀಕ್ಷಿಸುತ್ತಿದ್ದರು. ನಾಲಿಗೆಯಡಿ ಕೆಲವು ಹನಿ, ಅಷ್ಟೇ. ಕೆಲವರ ಬಾಟಲಿಯಲ್ಲಿ ಔಷಧಿ, ಕೆಲವರದರಲ್ಲಿ ಬರಿಯ ಎಣ್ಣೆ. ಯಾರಿಗೆ ಯಾವುದೆಂದು ಹೇಳುತ್ತಿರಲಿಲ್ಲ. ಗಂಡನನ್ನು ಒತ್ತಾಯಿಸಿ ಸೇರಿಸಿದವಳು ಮಾನಸಿ. ಮೊದಲ ಬಾಟಲಿಗೆ ಅವನು ಮಗುವಿನಂತೆ ಮಲಗಿದ್ದ. ಎರಡನೆಯದಕ್ಕೆ ನೋವು ಮರಳಿತು. ಉಪಯೋಗವಿಲ್ಲವೆಂದು ವೈದ್ಯರಿಗೆ ಹೇಳಿಯೂ ಬಂದಿದ್ದ.

ಗಾಂಜಾ ಎಂಬ ಮಾತು ಕಿವಿಗೆ ಬಿದ್ದಂದಿನಿಂದ ತಾಯಿ ಅಕ್ಕಮ್ಮ ಸೊಸೆಯ ಕೈಯ ನೀರು ಮುಟ್ಟಿರಲಿಲ್ಲ. ಸೂರ್ಯ ಮುಳುಗಿದ ಮೇಲೆ ತುತ್ತೆತ್ತದ ಜೈನರ ಮನೆಗೆ ಅಮಲು ತಂದವಳು ಎಂದು ಚುಚ್ಚುತ್ತಿದ್ದಳು. ಮಾನಸಿ ಬಚ್ಚಲಲ್ಲಿ ಅತ್ತು, ಮುಖ ತೊಳೆದು ಬರುತ್ತಿದ್ದಳು.

ಅಂದು ದಶಲಕ್ಷಣ ಪರ್ವ ಮುಗಿದು, ಎಲ್ಲರೂ ಎಲ್ಲರಲ್ಲಿ ಕ್ಷಮೆ ಬೇಡುವ ದಿನ. ಬಸದಿಯಿಂದ ಬಂದ ಅಕ್ಕಮ್ಮ ಅಂಗಳದಲ್ಲಿ ಕಾಲೆಳೆಯುತ್ತಿದ್ದ ಮಗನನ್ನು ನೋಡಿದಳು. ಒಳಗೆ ಬಂದು ಸೊಸೆಯ ಮುಂದೆ ಕೈಮುಗಿದಳು.

"ಕ್ಷಮಾ ಮಾಡವ್ವಾ... ಎರಡನೇ ಬಾಟ್ಲಿ ನಾನ ಚೆಲ್ಲೀನಿ. ಕೊಬ್ಬರಿ ಎಣ್ಣಿ ತುಂಬಿಟ್ಟೀನಿ. ಮಗಾ ನಶಾಕ್ಕ ಬೀಳಬಾರದು ಅಂತ..."

ಮಾನಸಿ ಅಂಗಳದತ್ತ ನೋಡಿದಳು. ಆಮೇಲೆ ದನಿ ತಗ್ಗಿಸಿದಳು.

"ಯಾರಿಗೂ ಹೇಳಬ್ಯಾಡ್ರಿ ಅತ್ತಿ. ಹೊಸ ಬಾಟ್ಲಿ ಬರತೈತಿ, ಅವರಿಗೆ ನಿದ್ದಿ ಬರತೈತಿ. ಡಾಕ್ಟರಿಗೆ ಗೊತ್ತಾದ್ರ ಪರೀಕ್ಷಾದಿಂದ ಅವರನ್ನ ತಗದ ಹಾಕ್ತಾರ್ರಿ."

ಧರಣೇಂದ್ರ ಬಾಗಿಲಲ್ಲಿ ನಿಂತಿದ್ದ.

"ಉಪಯೋಗಿಲ್ಲ ಅಂತ ಹೇಳಿ ಬಂದೀನಲ್ಲ, ಅದು ಸುಳ್ಳಾತು. ಅದನ್ನ ನಂಬಿ ಡಾಕ್ಟರು ಔಷಧೀನ ಕೈಬಿಟ್ರ? ನನ್ನಂಗ ಅಡ್ಡಾಡೋರು ಎಷ್ಟ ಮಂದಿ ಅದಾರ... ಅವರಿಗೆ ಈ ಔಷಧಿ ಸಿಗಬ್ಯಾಡೇನ?"

ಅವನೇ ಫೋನ್ ಮಾಡಿದ. ವೈದ್ಯರು ಬೈಯಲಿಲ್ಲ, ಹೇಳಿದ್ದು ಒಳ್ಳೆಯದಾಯಿತು, ಆದರೆ ಇನ್ನು ಮುಂದೆ ಪರೀಕ್ಷೆಯಲ್ಲಿ ಇರಿಸಿಕೊಳ್ಳಲಾಗದು ಎಂದರು. ಮಾನಸಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅಕ್ಕಮ್ಮ ಬಸದಿಯ ಕಡೆ ತಿರುಗಿ ನಿಂತಳು. "ಇವನ ಕಾಲ ತಣ್ಣಗಾಗೂ ತನಕ ನಾ ಉಪ್ಪು ಬಿಟ್ಟೆ."

"ಹಂಗಾರ ಸಾಯೂ ತನಕ ಬಿಟ್ಟಂಗಾತು, ಅವ್ವಾ" ಎಂದು ಧರಣೇಂದ್ರ ನಗಲು ನೋಡಿದ. ನಗುವಿನ ನಡುವೆಯೇ ಕಾಲು ಸೆಳೆಯಿತು, ಮತ್ತೆ ಅಂಗಳಕ್ಕಿಳಿದ.

ಹೊತ್ತು ಮುಳುಗುವ ಮುನ್ನ ಮಾನಸಿ ಪಲ್ಯಕ್ಕೆ ಉಪ್ಪು ಹಾಕುವ ಮೊದಲೇ ಎರಡು ತಟ್ಟೆಗೆ ತೆಗೆದಿಟ್ಟಳು. ಒಂದು ಅತ್ತೆಗೆ, ಇನ್ನೊಂದು ತನಗೆ. ಅಕ್ಕಮ್ಮ ತಟ್ಟೆಗಳನ್ನು ನೋಡಿದಳು. ಸೊಸೆಯ ಕೈಯಿಂದ ನೀರಿನ ತಂಬಿಗೆ ಇಸಿದುಕೊಂಡು ಕುಡಿದಳು. ಹೊರಗೆ ಹೆಜ್ಜೆಯ ಸಪ್ಪಳ ನಿಂತಿರಲಿಲ್ಲ...