ಐದೇ ದಿನಕ್ಕೆ ಬಿಚ್ಚಿದ ಸೆಂಟ್ರಿಂಗ್

2025ರ ಆಗಸ್ಟ್ 12, ಬೆಳಿಗ್ಗೆ 9.40. ಪುಣೆಯ ಕೊಂಢವಾ ಠಾಣೆಗೆ ರುದ್ರವ್ವ ಎಂಬ ನಿವೃತ್ತ ಗುಮಾಸ್ತೆ ಬಂದು ದೂರು ಕೊಟ್ಟರು. ಅವರಿದ್ದ ಐದು ಮಹಡಿಯ ಕಟ್ಟಡದ ಮೂರನೇ ಮಹಡಿಯಿಂದ ಹಿಂದಿನ ರಾತ್ರಿ ಒಂದು ಬಾಲ್ಕನಿ ಮುರಿದು ಕಾವಲುಗಾರ ಜಟ್ಟೆಪ್ಪನ ಮೇಲೆ ಬಿದ್ದಿತ್ತು. ಆಸ್ಪತ್ರೆ ಮುಟ್ಟುವ ಮೊದಲೇ ಅವನ ಜೀವ ಹೋಗಿತ್ತು. ಕಟ್ಟಡಕ್ಕೆ ಆರು ವರ್ಷವೂ ತುಂಬಿರಲಿಲ್ಲ.

"ಇಪ್ಪತ್ತು ಮನಿಯವರನ್ನ ಶಾಲ್ಯಾಗ ಇಟ್ಟಾರ್ರಿ. ಇಡೀ ಬಿಲ್ಡಿಂಗ್ ಕೆಡವ್ತಾರಂತ. ಹಂಗಾದ್ರ ನಾವೆಲ್ಲಿ ಹೋಗೂಣು?" ಎಂದರು ರುದ್ರವ್ವ.

ಇನ್‌ಸ್ಪೆಕ್ಟರ್ ಸಿದ್ದಾರೂಢ ನಿರ್ಲಕ್ಷ್ಯದಿಂದ ಸಾವು ಎಂದು ಎಫ್‌ಐಆರ್ ದಾಖಲಿಸಿದರು. 11.15ಕ್ಕೆ ಪಂಚನಾಮೆ. ಮುರಿದ ಕಡೆ ಹೊರಗೆ ಇಣುಕುತ್ತಿದ್ದ ಕಬ್ಬಿಣದ ಸರಳುಗಳು ತುಕ್ಕು ತಿಂದು ಕಡ್ಡಿಯಾಗಿದ್ದವು, ಮುಟ್ಟಿದರೆ ಹೊಪ್ಪಳಿಕೆ ಏಳುತ್ತಿತ್ತು. ಕೆಳಗಿನ ಮಹಡಿಯ ಬಾಲ್ಕನಿ ಕೊರೆಸಿ ನೋಡಿದರೆ ಅಲ್ಲಿನ ಸರಳಿಗೆ ಏನೂ ಆಗಿರಲಿಲ್ಲ.

ಕಟ್ಟಿಸಿದ ಕಂತ್ರಾಟುದಾರ ಮಿಥುನ ಒಂದೇ ಹಾಡು ಹಾಡಿದ. "ಪರಿಸರ ಅಂತ ಸಿಮೆಂಟಿಗೆ ವಿದ್ಯುತ್ ಸ್ಥಾವರದ ಬೂದಿ ಬೆರೆಸಿದ್ರು ಸಾಹೇಬ್ರೇ. ಬೂದೀನೇ ತಿಂದಿದೆ."

ಬೂದಿಯದೇ ತಪ್ಪಾದರೆ ಇಡೀ ಕಟ್ಟಡ ಕೆಡವಲೇಬೇಕು. ಆದರೆ ಎಲ್ಲ ಮಹಡಿಗೂ ಅದೇ ಬೂದಿ ಹೋಗಿದೆಯಲ್ಲ, ಒಂದು ಕಡೆ ಮಾತ್ರ ಕಬ್ಬಿಣ ತಿಂದು ಉಳಿದ ಕಡೆ ಸುಮ್ಮನಿರಲು ಅದಕ್ಕೇನು ಪಕ್ಷಪಾತವೇ? ಸಿದ್ದಾರೂಢರ ತಲೆ ಕೆಟ್ಟು ಮೊಸರುಗಡಿಗೆಯಾಯಿತು.

ಆಗಸ್ಟ್ 19. ಪ್ರಯೋಗಾಲಯದ ಮಾಧುರಿ ವರದಿ ಕೈಗಿಟ್ಟರು. ಇಬ್ಬರೂ ಧಾರವಾಡ ಕಡೆಯವರಾದ್ದರಿಂದ ಮಾತು ಕನ್ನಡದಲ್ಲೇ ನಡೆಯಿತು.

"ಕಾಂಕ್ರೀಟ್ ಹೆಂಗದ ರೀ?"

"ಭಾಳ ಚಲೋ ಅದ."

"ಮತ್ತ ಬಿತ್ತ್ಯಾಕ?"

"ಒಳಗ ಉಪ್ಪು ಅದ. ಕಬ್ಬಿಣ ತಿಂದದ್ದು ಅದು."

"ಪುಣೆಗೆ ಸಮುದ್ರ ಎಲ್ಲದ ರೀ ಮೇಡಂ?"

"ಹೊರಗಿಂದ ಬಂದಿದ್ದಲ್ಲ. ಬೂದಿ ಬೆರೆಸಿದ ಕಾಂಕ್ರೀಟು ಹೊರಗಿನ ಉಪ್ಪನ್ನ ಸುಲಭಕ್ಕ ಒಳಗ ಬಿಡೂದಿಲ್ಲ. ಕಲಸೂ ಮುಂದನ ಯಾರೋ ಹಾಕ್ಯಾರ. ಒಳಗೇ ಹಾಕಿದ್ರ ಅದಾದ್ರೂ ಏನ್ ಮಾಡ್ಬೇಕು?"

ಕಾಂಕ್ರೀಟಿಗೆ ಉಪ್ಪು ಹಾಕುವವರು ಯಾರಪ್ಪ? ಸಿದ್ದಾರೂಢರು ದ್ವೇಷದ ಜಾಡು ಹಿಡಿದು ಪಕ್ಕದ ನಿವೇಶನದ ಬಿಲ್ಡರನನ್ನು ಎರಡು ದಿನ ಕೂರಿಸಿದರು. ಅವನು ಚಹಾ ಕುಡಿದು ಹೋದ, ಅಷ್ಟೇ. ಅಷ್ಟರಲ್ಲಿ ಮಾಧುರಿ ಬೇರೆ ಮಹಡಿಗಳಿಂದ ಒಂದೊಂದು ಬಾಲ್ಕನಿಯ ಚೂರು ಪರೀಕ್ಷಿಸಿದರು. ಉಪ್ಪಿರಲಿಲ್ಲ. ಮೂರನೇ ಮಹಡಿಯವರನ್ನು ಬಿಟ್ಟು ಉಳಿದವರು ಮನೆಗೆ ಮರಳಬಹುದೆಂಬ ಕಾಗದಕ್ಕೆ ಸಿದ್ದಾರೂಢರೂ ಸಹಿ ಹಾಕಿದರು. ಐದನೇ ಮಹಡಿಯ ಮೂಲೆ ಮನೆಗೆ ರುದ್ರವ್ವ ವಾಪಸಾದರು.

ಕಾನ್‌ಸ್ಟೇಬಲ್ ಶೀತಲ್ ಕೆಲಸದ ಹಳೆಯ ರಿಜಿಸ್ಟರು ಹಿಡಿದು ಕೂತಿದ್ದಳು. ಮಹಡಿಗಳ ಕಾಂಕ್ರೀಟು ಲಾರಿಯಲ್ಲಿ ಕಲಸಿಯೇ ಬಂದಿತ್ತು. ಮಹಡಿಗೆ ಎರಡರಂತಿದ್ದ ಬಾಲ್ಕನಿಗಳದ್ದನ್ನು ಮಾತ್ರ ಆಮೇಲೆ ಅಲ್ಲೇ ಸಣ್ಣ ಮಿಕ್ಸರ್‌ನಲ್ಲಿ ಕಲಸಿದ್ದರು. ಮೂರನೇ ಮಹಡಿಯ ಬಾಲ್ಕನಿಗಳಿಗೆ 2019ರ ನವೆಂಬರ್ 25ರಂದು ಕಾಂಕ್ರೀಟು ಹಾಕಿ, 30ರಂದೇ ಅದನ್ನು ಹೊತ್ತ ಹಲಗೆ-ಕಂಬಗಳ ಸೆಂಟ್ರಿಂಗ್ ಬಿಚ್ಚಿದ್ದರು. ಉಳಿದವಕ್ಕೆ ಎರಡು ವಾರ ಕಾದಿದ್ದಾಗಿ ಬರೆದಿತ್ತು.

"ಡಿಸೆಂಬರ್ 1ರಿಂದ 3ರ ತನಕ ಇಡೀ ಗ್ಯಾಂಗು ಗೈರುಹಾಜರು ಸರ್," ಎಂದಳು. "2ನೇ ತಾರೀಖು ಚಂಪಾಷಷ್ಠಿ. ಜೇಜುರಿಗೆ, ಮೈಲಾರಲಿಂಗನ ಜಾತ್ರಿಗೆ ಹೋಗಿರ್ತಾರ."

ಗ್ಯಾಂಗನ್ನು ನಡೆಸುವ ಮುಕಾದಮ ಯಾದಗಿರಿ ಕಡೆಯ ತಾಯಪ್ಪ. ಆಗಸ್ಟ್ 27ರ ಮಧ್ಯಾಹ್ನ 3.30ಕ್ಕೆ ಕೋಥರೂಡದ ಒಂದು ಸೈಟಿನಲ್ಲಿ ಸಿಕ್ಕ. ಓಡಲಿಲ್ಲ.

"ಉಪ್ಪು ಹಾಕಿದ್ದು ಯಾರು?"

"ನಾನ ರೀ."

"ಯಾಕ?"

"ಬೂದಿ ಮಾಲು ಚಳಿಗಾಲದಾಗ ಲಗೂನ ಬಿಗಿಯಂಗಿಲ್ರಿ. ಉಪ್ಪು ಹಾಕಿದ್ರ ಬಿಗೀತದಂತ ನಮ್ಮಪ್ಪ ಹೇಳಿದ್ದ. ಬಿಗದೂ ಬಿಗೀತು. ಒಳಗ ಕಬ್ಬಿಣ ತಿಂತದಂತ ಯಾರೂ ಹೇಳಿಲ್ರಿ."

"ಏನ್ ಅವಸರ ಇತ್ತು?"

ತಾಯಪ್ಪ ಕೈಯ ಸಿಮೆಂಟು ಒರೆಸಿಕೊಂಡು ಹೇಳತೊಡಗಿದ. ಅವನ ಹೆಂಡತಿ ಯಂಕವ್ವನಿಗೆ ಎರಡು ಕೂಸು ಹುಟ್ಟಿ ಸತ್ತಿದ್ದವು. ಮೂರನೆಯದು ಉಳಿದರೆ ವರ್ಷ ತುಂಬುವುದರೊಳಗೆ, ಚಂಪಾಷಷ್ಠಿಯ ದಿನವೇ ಮೈಲಾರಲಿಂಗನ ಮೆಟ್ಟಿಲ ಮೇಲೆ ಮಲಗಿಸುತ್ತೇನೆಂದು ಹರಕೆ ಹೊತ್ತಿದ್ದಳು. ಕೂಸು ಉಳಿದಿತ್ತು. ರಜೆ ಕೇಳಿದರೆ, ಸೆಂಟ್ರಿಂಗ್ ಬಿಚ್ಚಿಕೊಟ್ಟು ಹೋಗು ಎಂದಿದ್ದ ಮಿಥುನ. ಐದನೇ ದಿನ ಬಿಚ್ಚಿದ್ದಕ್ಕೆ ರಿಜಿಸ್ಟರಿನಲ್ಲಿ ಸಹಿ ಹಾಕಿದವನೂ ಅವನೇ. ಬೂದಿ ಬೂದಿ ಎಂದು ಬಾಯಿ ಬಡಿದುಕೊಂಡಿದ್ದು ಅದಕ್ಕೆ. ಸಿದ್ದಾರೂಢರಿಗೆ ಸಿಟ್ಟು ಬಂತು. ಅವನನ್ನೂ ಕರೆತರಲು ಹೇಳಿ, ತಾಯಪ್ಪನ ಬಂಧನದ ಕಾಗದ ಬರೆಯತೊಡಗಿದರು. ತಾಯಪ್ಪನ ಮೇಲೆ ಏಕೋ ಸಿಟ್ಟು ಬರಲಿಲ್ಲ, ಸಂಕಟವಾಯಿತು.

"ಸಾಹೇಬ್ರ, ಎಷ್ಟು ಬಾಲ್ಕನಿ ಬರದೀರಿ?"

"ಮೂರನೇ ಮಹಡೀದು ಎರಡು."

"ಇನ್ನೊಂದು ಅದ ರೀ. ಐದು ದಿನದಾಗ ಆಗ್ತದ ಅಂತ ಗೊತ್ತಾದ ಮ್ಯಾಲ ಮಿಥುನ ಮಾಲಕ ಮತ್ತೊಮ್ಮೆ ಹಂಗ ಬಿಚ್ಚಂದ, ರಿಜಿಸ್ಟರದಾಗ ಮಾತ್ರ ಎರಡು ವಾರ ಅಂತ ಬರದ. ಉಳದಿದ್ದ ಅರ್ಧ ಚೀಲ ಉಪ್ಪು ಐದನೇ ಮಹಡಿ ಮೂಲಿ ಬಾಲ್ಕನಿಗೆ ಹಾಕೀನಿ. ಅದನ್ನ ಯಾರರೆ ನೋಡ್ಯಾರೇನು?"

ಯಾರೂ ನೋಡಿರಲಿಲ್ಲ. ಆ ಮೂಲೆ ಮನೆ ರುದ್ರವ್ವನದು; ಸಿದ್ದಾರೂಢರು ಬರೆಯುವುದು ಬಿಟ್ಟು ಅವರಿಗೆ ಫೋನು ಮಾಡಿದರು. ಫೋನು ಆರು ಸಲ ಬಡಿದ ಮೇಲೆ ರುದ್ರವ್ವ ಎತ್ತಿದರು.

"ಎಲ್ಲಿದೀರಿ ಅವ್ವಾರ?"

"ಅರಿವಿ ಒಣಹಾಕಿ ಈಗರೆ ಒಳಗ ಬಂದೆ. ಇನ್ನೊಂದು ಬಕೀಟು ಅದ, ಹಾಕಿ ಬಂದು ಮಾತಾಡ್ತೀನಿ ತಡೀರಿ."

"ಬ್ಯಾಡ್ರಿ. ಬಕೀಟು ಅಲ್ಲೇ ಇಡ್ರಿ. ಬಾಲ್ಕನಿ ಬಾಗಲಾ ಹಾಕ್ಕೊಳ್ರಿ."

ಸಂಜೆ 5.20ಕ್ಕೆ ಶೀತಲ್ ಹೋಗಿ ಆ ಬಾಗಿಲಿಗೆ ಮೊಹರು ಹಾಕಿ ಬಂದಳು. ತಾಯಪ್ಪನ ಹೇಳಿಕೆಗೆ ಒಂದು ಸಾಲು ಸೇರಿತು, ಅದರಿಂದ ಅವನ ಮೇಲಿನ ಆರೋಪವೂ ಒಂದು ಹೆಚ್ಚಾಯಿತು. ಓದಿ ಹೇಳಿದಾಗ, ಸರಿಯಾಗಿದೆ ಎಂದು ಹೆಬ್ಬೆಟ್ಟು ಒತ್ತಿದ.